ಕುದುರೆ ತೊಟ್ಟಿಯಲ್ಲಿ ಈಜದ ಮೀನು

ತೊಟ್ಟಿಯಲ್ಲಿ ಈಜಿ ತೋರಿಸದ ಮೀನು ಕೌಂಟರ್ ದಾಟಬಾರದು. ಇದು ನಿಯಮ. ಮಾಡಿದವನು ನಾನು. ಇಂಗ್ಲಿಷ್, ಕನ್ನಡ, ತಮಿಳು, ಉರ್ದು, ನಾಲ್ಕು ಲಿಪಿಗಳಲ್ಲಿ ಬರೆಸಿ, ಗಾಜಿನ ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿದ್ದೆ. ನಾಲ್ಕು ಭಾಷೆಯವರೂ ಅದನ್ನು ಓದಿದರು. ನಾಲ್ಕು ಭಾಷೆಯವರೂ ಅದನ್ನು ಮುರಿದರು. ಬೇರೆ ಯಾವ ವಿಷಯದಲ್ಲೂ ಬೆಂಗಳೂರು ದಂಡಿನಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಕಂಡಿಲ್ಲ.

ಯುದ್ಧದ ವರ್ಷಗಳು. ಈಗ ಶಿವಾಜಿನಗರ ಅನ್ನುತ್ತಾರಲ್ಲ, ಆಗಿನ ಬ್ಲ್ಯಾಕ್‌ಪಳ್ಳಿ, ಅಲ್ಲಿಯ ಒಂದು ಆಟೋಟದ ಸಾಮಾನಿನ ಅಂಗಡಿಯಲ್ಲಿ ಗಾಳದ ಕೌಂಟರ್ ನನ್ನ ಜವಾಬ್ದಾರಿ. ನಾವು ಮಾರುತ್ತಿದ್ದದ್ದು ಪುಟ್ಟ ಮೀನಿನ ಗಾಳವಲ್ಲ. ಬೇರೆ ಮೀನುಗಳನ್ನು ನುಂಗಿ ಬದುಕುವ ದೊಡ್ಡ ಮೀನುಗಳಿವೆ: ಹಲಸೂರು ಕೆರೆಯ ಕೊರವ, ಮಡುವುಗಳಲ್ಲಿ ಬಾಯಿ ಸೀಳಿಕೊಂಡು ಬಿದ್ದಿರುವ ಬಾಳೆಮೀನು. ಅವು ಎರೆಹುಳುವನ್ನು ತಿರುಗಿಯೂ ನೋಡುವುದಿಲ್ಲ. ಅವಕ್ಕೆ ಗೇಣುದ್ದದ ಮರದ ಮೀನು ಬೇಕು. ದಾರ ಎಳೆದರೆ ಅದು ನೀರಿನಲ್ಲಿ ನೆಟ್ಟಗೆ ನಿಂತು ಸೊಂಟ ಬಳುಕಿಸಿ ಈಜಬೇಕು. ವಿಲಾಯಿತಿಯಿಂದ ಬರುತ್ತಿದ್ದ ಇಂಥ ಮೀನುಗಳು ಹಡಗಿನ ಜೊತೆ ನಿಂತುಹೋದವು. ಆಮೇಲೆ ನಮಗೆ ಸಿಕ್ಕವರು ಜೋಗುಪಾಳ್ಯದ ಒಬ್ಬ ಬಡಗಿ ಆಚಾರಿ.

ಅವರಿಗೆ ಅರವತ್ತು ದಾಟಿತ್ತು. ಹಾಲವಾಣದ ಹಗುರ ಮರವನ್ನು ಎರಡು ತುಂಡಾಗಿ ಕೆತ್ತಿ, ನಡುವೆ ಹಿತ್ತಾಳೆಯ ಕೀಲು ಕೂರಿಸಿ, ಹೊಟ್ಟೆ ಕೊರೆದು ಸೀಸ ಹುಯ್ಯುತ್ತಿದ್ದರು. ಸೀಸ ಒಂದು ಚೂರು ಹೆಚ್ಚಾದರೆ ಮೀನು ಮುಳುಗುತ್ತದೆ, ಕಡಿಮೆಯಾದರೆ ಮಗುಚುತ್ತದೆ. ಅದಕ್ಕೇ ತೊಟ್ಟಿ. ಅಂಗಡಿಯ ಹಿತ್ತಲಲ್ಲಿ ಹಳೆಯ ಕಾಲದ ಕಲ್ಲಿನ ಕುದುರೆ ತೊಟ್ಟಿ ಇತ್ತು, ಇಬ್ಬರು ಉದ್ದಕ್ಕೆ ಮಲಗಬಹುದಾದಷ್ಟು. ಗಿರಾಕಿಯ ಎದುರಿಗೇ, ಕೊಕ್ಕೆಗಳನ್ನು ಬಿಚ್ಚಿ, ಮೀನನ್ನು ಆ ತುದಿಯಿಂದ ಈ ತುದಿಗೆ ಈಜಿಸಿ ತೋರಿಸಿ ಆಮೇಲೆ ಕಟ್ಟಿಕೊಡಬೇಕು.

ನಮ್ಮ ಯಜಮಾನರಿಗೆ ಈ ಕೌಂಟರ್ ಮೇಲೆ ಮನಸ್ಸಿರಲಿಲ್ಲ. ಸಿಪಾಯಿಗಳಿಗೆ ತಗಡಿನ ಟ್ರಂಕು ಬೇಕು, ಬೂಟಿನ ಪಾಲಿಶ್ ಬೇಕು. ಮರದ ಮೀನು ಯಾರಿಗೆ ಬೇಕು ಅಂತ ಅವರ ವಾದ. ಆ ವರ್ಷ ಮಳೆಗಾಲದಲ್ಲಿ ಖಡಾಖಂಡಿತವಾಗಿ ಹೇಳಿದರು: "ಕ್ರಿಸ್ಮಸ್ಸಿಗೆ ಕಿಟಕಿ ಸಿಂಗಾರ ಮಾಡೋದರೊಳಗೆ ನಮ್ಮ ಮರದ ಮೀನಿಗೆ ಒಂದು ದೊಡ್ಡ ಮೀನು ಬೀಳಬೇಕು. ಅದರ ಫೋಟೋ ಕಿಟಕೀಲಿರಬೇಕು. ಇಲ್ಲಾಂದ್ರೆ ಕೌಂಟರ್ ಎತ್ತಿ."

ಕೌಂಟರ್ ಎತ್ತಿದರೆ ನನ್ನನ್ನು ಟ್ರಂಕಿನ ಹಿಂದೆ ನಿಲ್ಲಿಸುತ್ತಿದ್ದರು, ಅಷ್ಟೆ. ಆಚಾರಿಗೆ ಉಳಿದಿದ್ದದ್ದು ಮಿಲಿಟರಿ ಡಿಪೋ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಗುಂಡಿನ ಪೆಟ್ಟಿಗೆಗೆ ಮೊಳೆ ಹೊಡೆಯಬೇಕು. ಉಳಿ ಹಿಡಿದ ಕೈಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು.

ಒಂದೊಂದು ಎಡವಟ್ಟಾದಾಗಲೂ, ಅಂಗಡಿ ಅಂದಮೇಲೆ ಇಂಥವು ನಡೆಯುತ್ತಲೇ ಇರುತ್ತವೆ ಎಂದು ಯಜಮಾನರು ಸಮಾಧಾನ ಹೇಳುತ್ತಿದ್ದರು. ನಿಯಮ ಮುರಿದಾಗ ಮಾತ್ರ ನಡೆಯುತ್ತವೆ ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ. ಆ ಕೌಂಟರ್ ಈಗಿಲ್ಲ. ಯಾಕಿಲ್ಲ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ದುಃಖದ ಮೀನು

ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಬಂದರು. ಎಳೆಯ ವಯಸ್ಸು, ಮೀಸೆ ಇನ್ನೂ ಮನಸ್ಸು ಮಾಡಿರಲಿಲ್ಲ. ಹಲಸೂರು ಕೆರೆಯ ಕೊರವಕ್ಕೆ ಮರದ ಮೀನು ಬೇಕಂತೆ. ಆ ಕೆರೆಯ ನೀರು ಕದಡಿದ ಚಹದಂತೆ ಇರುತ್ತದೆ. ಅದಕ್ಕೆ ಕಪ್ಪು ಬೆನ್ನು, ಮಾಸಿದ ಹೊಟ್ಟೆ ಸರಿ ಎಂದು ಒಂದನ್ನು ಆರಿಸಿ ತೊಟ್ಟಿಯಲ್ಲಿ ಆಡಿಸಿ ತೋರಿಸಿದೆ. ಚೆನ್ನಾಗಿ ಈಜಿತು.

ಕ್ಯಾಪ್ಟನ್ ಮುಖ ಸಣ್ಣದು ಮಾಡಿಕೊಂಡು, "ಇದು ಬಹಳ ದುಃಖದ ಮೀನು" ಎಂದರು.

"ಹಲಸೂರು ಕೆರೆಯ ಮೀನುಗಳೆಲ್ಲ ಹಾಗೇ ಇರೋದು ಸಾರ್" ಎಂದೆ.

ತೆಗೆದುಕೊಂಡು ಹೋದವರು ನೇರವಾಗಿ ತಮ್ಮ ಪಲ್ಟನ್ನಿನ ಪೇಂಟರಿಗೆ ಕೊಟ್ಟು, ಪಲ್ಟನ್ನಿನ ಬಣ್ಣವಾದ ಕೆಂಪು ಹಳದಿ ಬಳಿಸಿಕೊಂಡರು. ಬಣ್ಣ ಬಳಿದ ಮೇಲೆ ಅದು ಬೇರೆ ಮೀನು, ಮತ್ತೆ ತೊಟ್ಟಿಗೆ ತರಬೇಕು ಎಂದು ನಾನು ಚೀಟಿ ಬರೆದು ಕಳಿಸಿದೆ. ತರಲಿಲ್ಲ. ಪೇಂಟರ್ ಒಂದು ಮಗ್ಗುಲಿಗೆ ನಾಲ್ಕು ಕೈ ಎನಾಮಲ್ ಬಳಿದಿದ್ದ, ಇನ್ನೊಂದು ಮಗ್ಗುಲಿಗೆ ಒಂದೇ ಕೈ.

ಭಾನುವಾರ ಬೆಳಿಗ್ಗೆ ಕ್ಯಾಪ್ಟನ್ ಕೆರೆಯ ದಂಡೆಯಲ್ಲಿ ನಿಂತು ಎಸೆದರು. ಮೀನು ಮುಳುಗಲಿಲ್ಲ. ಮಗ್ಗುಲಾಗಿ ನೀರಿನ ಮೇಲೇ ಬಿದ್ದು ಒದ್ದಾಡುತ್ತ, ಬಿಸಿಲಿಗೆ ಮಿಂಚುತ್ತ ಬಂತು. ಕೊರವ ನೋಡಲಿಲ್ಲ, ಮೇಲೆ ಸುತ್ತುತ್ತಿದ್ದ ಗರುಡ ನೋಡಿತು. ಎರಗಿದ್ದೇ ಮರದ ಮೀನನ್ನು ಉಗುರಿನಲ್ಲಿ ಎತ್ತಿಕೊಂಡು ಆಕಾಶಕ್ಕೆ ಹಾರಿತು. ರೀಲು ಕಿರುಚುತ್ತಿದೆ, ದಾರ ಮೇಲಕ್ಕೆ ಓಡುತ್ತಿದೆ, ಕ್ಯಾಪ್ಟನ್ ಕೋಲನ್ನು ಎರಡು ಕೈಯಲ್ಲಿ ಹಿಡಿದು ಗಾಳಿಪಟ ಬಿಡುವವರ ಹಾಗೆ ದಂಡೆಯ ಮೇಲೆ ಓಡುತ್ತಿದ್ದಾರೆ.

ನೀರಿಗೆ ಬಂದಿದ್ದ ಹೆಂಗಸರು ಕೊಡ ಇಳಿಸಿ, ಬೆಳಗಾಗೆದ್ದು ಗರುಡ ದರ್ಶನವಾಯಿತೆಂದು ಆಕಾಶಕ್ಕೆ ಕೈಮುಗಿದರು. ಕ್ಯಾಪ್ಟನ್ ತಮಗೇ ಮುಗಿದರೆಂದು ತಿಳಿದು, ಅಂಥ ಹೊತ್ತಿನಲ್ಲೂ ಒಂದು ಕೈ ಬಿಟ್ಟು ಟೋಪಿ ಎತ್ತಿದರು. ಆ ಒಂದು ಕೈ ಬಿಟ್ಟದ್ದಕ್ಕೇ ದಾರ ಹರಿಯಿತು.

ಮಾರನೆಯ ದಿನ ಬಂದು ಎಲ್ಲವನ್ನೂ ತಾವೇ ಹೇಳಿದರು. ಸುಳ್ಳು ಹೇಳುವ ಮನುಷ್ಯರಲ್ಲ. "ಮೊದಲಿನ ಹಾಗೆ ಇನ್ನೊಂದು ಮಾಡಿ. ದುಃಖದ್ದೇ ಇರಲಿ" ಎಂದರು.

ಆಚಾರಿ ಮಾಡಿದರು. ಅದು ಒಣಗುವುದರೊಳಗೆ ಆ ಪಲ್ಟನ್ನು ಬರ್ಮಾ ಕಡೆಗೆ ರೈಲು ಹತ್ತಿತು. ಕ್ಯಾಪ್ಟನ್ ಬರಲಿಲ್ಲ, ಅವರ ಸುದ್ದಿಯೂ ಬರಲಿಲ್ಲ. ಕಪ್ಪು ಬೆನ್ನಿನ ಆ ಮೀನು ನನ್ನ ಡ್ರಾಯರಿನಲ್ಲೇ ಉಳಿಯಿತು. ಬೇರೆ ಗಿರಾಕಿ ಯಾರಾದರೂ ಅದನ್ನು ಕೇಳಿದರೆ ಆಚಾರಿ ನನಗಿಂತ ಮೊದಲು ಉತ್ತರ ಕೊಡುತ್ತಿದ್ದರು: "ಅದು ಮಿಲಿಟರಿದು ಸಾಮಿ. ರಜಾದಲ್ಲಿದೆ."

ಹತ್ತರಲ್ಲಿ ಒಂದು

ನವರಾತ್ರಿಗೆ ನಾಲ್ಕು ದಿನ ಇತ್ತು. ಹಲಸೂರಿನ ಒಬ್ಬ ನಿವೃತ್ತ ಅಮಲ್ದಾರರ ಹೆಂಡತಿ ಬಂದರು, ಅವರ ಹಿಂದೆ ಅಮಲ್ದಾರರು. ಆಕೆ ಮಾತಾಡುವವರು, ಅವರು ಛತ್ರಿ ಹಿಡಿಯುವವರು.

"ಕಿಟಕೀಲಿರೋ ಆ ಬೆಳ್ಳಿ ಮೀನು ಕೊಡಿ" ಎಂದರು ಆಕೆ.

ಅದು ತೋರಿಕೆಗೆಂದು ಮಾಡಿಸಿದ ಮೀನು. ಮೊಳದುದ್ದ ಇತ್ತು, ಮೈತುಂಬ ಬೇಗಡೆಯ ಹುರುಪೆ ಅಂಟಿಸಿತ್ತು, ಕೆಂಪು ಗಾಜಿನ ಕಣ್ಣು. ದಾರಿಯಲ್ಲಿ ಹೋಗುವವರು ನಿಂತು ನೋಡಲಿ ಎಂದು ಯಜಮಾನರು ಹೇಳಿ ಮಾಡಿಸಿದ್ದು.

ಮೂಲೆಯಲ್ಲಿ ಕೆತ್ತುತ್ತ ಕೂತಿದ್ದ ಆಚಾರಿ ತಲೆ ಎತ್ತಿ, "ಅದಕ್ಕೆ ಸೀಸ ಹುಯ್ದಿಲ್ಲ ಅಮ್ಮ. ಹೊಟ್ಟೆ ಖಾಲಿ" ಎಂದರು.

"ಹಬ್ಬದ ದಿನ ದೇವರು ಹೊಟ್ಟೆ ಖಾಲಿ ಇರೋದು ಬೇಡಪ್ಪ. ತುಂಬಿರೋದೇ ಕೊಡಿ."

"ಯಾವ ದೇವರು?" ಎಂದೆ ನಾನು.

ಗೊಂಬೆ ಕೂರಿಸುವುದಕ್ಕಂತೆ. ಅವರ ಮನೆಯ ದಶಾವತಾರದ ಸಾಲಿನಲ್ಲಿ ಮತ್ಸ್ಯ ಹೋದ ವರ್ಷ ಒಡೆದುಹೋಗಿತ್ತು. ಒಂಬತ್ತೇ ಅವತಾರ ಉಳಿದಿದ್ದವು. ಚನ್ನಪಟ್ಟಣದಿಂದ ತರಿಸೋಣವೆಂದರೆ ಯುದ್ಧದ ಗಲಾಟೆ.

"ಅಮ್ಮಾ, ಇದು ಬೇಟೆಯ ಸಾಮಾನು. ಹೊಟ್ಟೆಯ ಕೆಳಗೆ ಆರು ಕೊಕ್ಕೆ ಇವೆ" ಎಂದೆ.

"ನರಸಿಂಹನಿಗೆ ಉಗುರಿಲ್ವೇ? ಪರಶುರಾಮನಿಗೆ ಕೊಡಲಿ ಇಲ್ವೇ? ಅವರೆಲ್ಲ ನಮ್ಮನೇಲಿ ಸುಮ್ಮನೆ ಕೂತಿಲ್ವೇ?"

ನನ್ನ ಬಳಿ ನಿಯಮ ಇತ್ತು. ಗೋಡೆಯ ಕಟ್ಟನ್ನು ತೋರಿಸಿ, ಹಿತ್ತಲಿಗೆ ಬನ್ನಿ, ತೊಟ್ಟಿಯಲ್ಲಿ ಈಜಿಸದೆ ಕೊಡುವಂತಿಲ್ಲ ಎಂದೆ. ಅಲ್ಲಿಗೆ ಬಂದಿದ್ದರೆ ಕೊಕ್ಕೆ ಬಿಚ್ಚುತ್ತಿದ್ದೆ, ಬಿಚ್ಚಿದ್ದನ್ನು ಹಾಗೇ ಇಟ್ಟುಕೊಂಡುಬಿಡುತ್ತಿದ್ದೆ. ಆಕೆ ತೊಟ್ಟಿಯನ್ನು ದೂರದಿಂದ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಕುದುರೆ ಬಾಯಿ ಹಾಕೋ ನೀರಿಗೆ ಮತ್ಸ್ಯಾವತಾರಾನ ಇಳಿಸ್ತೀರಾ? ಏನ್ರೀ, ನೀವು ಕೇಳ್ತಾ ಇದೀರಾ?" ಎಂದು ಗಂಡನ ಕಡೆ ತಿರುಗಿದರು. ಅಮಲ್ದಾರರು ಛತ್ರಿಯನ್ನು ಇನ್ನೊಂದು ಕೈಗೆ ಬದಲಾಯಿಸಿದರು.

ಅಷ್ಟರಲ್ಲಿ ಯಜಮಾನರು ಬಂದು, "ಹಬ್ಬದ ಹೊತ್ತಲ್ಲಿ ಮುತ್ತೈದೆ ಹತ್ತಿರ ರೂಲು ಮಾತಾಡ್ತೀರೇನ್ರೀ?" ಎಂದು ನನಗೇ ಗದರಿ, ಒಂದು ಗೇಣುದ್ದದ ಮೀನನ್ನು ಕೊಕ್ಕೆಸಮೇತ ತಾವೇ ಕಟ್ಟಿಕೊಟ್ಟರು.

ಹಬ್ಬ ಕಳೆದ ಮೇಲೆ ಅಮಲ್ದಾರರು ಒಬ್ಬರೇ ಬಂದರು. ಮೀನನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಕೌಂಟರ್ ಮೇಲೆ ಮೆಲ್ಲಗೆ ಇಟ್ಟರು. ಒಂದು ಕೊಕ್ಕೆಯಲ್ಲಿ ರೇಷ್ಮೆ ಸೀರೆಯ ಸೆರಗಿನ ಜರಿ ಇನ್ನೂ ಸಿಕ್ಕಿಕೊಂಡಿತ್ತು. ಆರತಿ ಎತ್ತಲು ಬಗ್ಗಿದ ಪಕ್ಕದ ಮನೆಯಾಕೆಯ ಸೆರಗಂತೆ. ಆಕೆ ತಿಳಿಯದೆ ಎದ್ದರಂತೆ. ಸೆರಗಿನ ಹಿಂದೆ ಮೀನು, ಮೀನಿನ ಹಿಂದೆ ಹಾಸಿದ ಬಟ್ಟೆ, ಬಟ್ಟೆಯ ಹಿಂದೆ ಒಂಬತ್ತು ಮೆಟ್ಟಿಲು.

"ಮೊದಲು ಮತ್ಸ್ಯ ಒಂದೇ ಇರಲಿಲ್ಲ," ಎಂದರು ಅಮಲ್ದಾರರು. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ಈಗ ಮತ್ಸ್ಯ ಒಂದೇ ಇದೆ."

ಮೊದಲ ಕಚ್ಚು

ಒಬ್ಬ ಸೈನ್ಸ್ ಮೇಷ್ಟ್ರು ಮಾತ್ರ ಗೋಡೆಯ ನಿಯಮವನ್ನು ಕನ್ನಡಕ ಹಾಕಿಕೊಂಡು ಓದಿ, "ಬಹಳ ಸರಿ. ಪ್ರಯೋಗ ಮಾಡದೆ ಏನನ್ನೂ ಒಪ್ಪಬಾರದು" ಎಂದರು. ನನಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಹಿತ್ತಲಿಗೆ ಕರೆದುಕೊಂಡು ಹೋದೆ. ದೊಮ್ಮಲೂರು ಕೆರೆಯಲ್ಲಿ ಪಾಚಿ ಹೆಚ್ಚು. ಅದಕ್ಕೆ ಹೊಂದುವ ಹಸಿರು ಮೀನೊಂದನ್ನು ಆರಿಸಿ, ಕೊಕ್ಕೆ ಬಿಚ್ಚಿ, ದಾರ ಕಟ್ಟಿ ಕೋಲನ್ನು ಅವರ ಕೈಗೇ ಕೊಟ್ಟೆ.

ಮೇಷ್ಟ್ರು ಗಡಿಯಾರ ನೋಡಿಕೊಂಡು ನಿಧಾನವಾಗಿ ಎಳೆಯತೊಡಗಿದರು. ಮೀನು ಅಚ್ಚುಕಟ್ಟಾಗಿ ಬಳುಕುತ್ತ ಬಂತು. ತೊಟ್ಟಿಯ ಅರ್ಧ ದಾಟಿರಬಹುದು, ಹಿತ್ತಲ ಬಾಗಿಲಿನಿಂದ ಒಂದು ಜಟಕಾ ಕುದುರೆ ಒಳಗೆ ಬಂದು, ತಲೆ ಬಗ್ಗಿಸಿ, ಮೀನನ್ನು ಕಚ್ಚಿ ಹಿಡಿಯಿತು.

ಪಕ್ಕೆಲುಬು ಎಣಿಸಬಹುದಾದ ಕುದುರೆ. ಹುರುಳಿ ಮಾರ್ಕೆಟ್ಟಿನಲ್ಲಿ ಕಾಣದೆ ತಿಂಗಳುಗಳಾಗಿದ್ದವು. ಅದು ಎಳೆಯಿತು. ಮೇಷ್ಟ್ರೂ ಎಳೆದರು. ಕೋಲು ಬಿಲ್ಲಿನಂತೆ ಬಗ್ಗಿತು.

"ಎಂಥಾ ಶಕ್ತಿ ರೀ!" ಎಂದು ಮೇಷ್ಟ್ರು ಕೂಗಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಆಮೇಲೆ ಎಂದೂ ನೋಡಲಿಲ್ಲ.

ಜಟಕಾ ಸಾಬರು ಓಡಿ ಬಂದರು. "ಕ್ಯಾ ಜೀ ಸಾಬ್ ಇದು? ಹಸ್ದಿರೋ ಜಾನ್ವರ್ ಮುಂದೆ ಹಸಿರು ಆಡಿಸ್ತೀರಾ? ಪಾಪ ಬರಲ್ವಾ ನಿಮಗೆ?"

"ತೊಟ್ಟಿ ಹತ್ತಿರ ಪರೀಕ್ಷೆ ನಡೆಯುವಾಗ ಕುದುರೆ ತರಬಾರದು" ಎಂದೆ.

"ಕುದುರೆ ತೊಟ್ಟಿಗೆ ಕುದುರೆ ತರದೆ ಇನ್ನೇನು ತರ್ಲಿ ಜೀ, ಮೀನಾ?"

ಕುದುರೆಯ ಬಾಯಿಂದ ಮೀನನ್ನು ಬಿಡಿಸಲು ಅರ್ಧ ಗಂಟೆ ಮತ್ತು ಒಂದು ಹಿಡಿ ಹುಲ್ಲು ಬೇಕಾಯಿತು. ಮೀನಿನ ಎರಡು ಮಗ್ಗುಲಿಗೂ ಅಗಲವಾದ, ಆಳವಾದ ಹಲ್ಲಿನ ಸಾಲು ಬಿದ್ದಿತ್ತು. ಶಾಲೆಯ ಗಂಟೆಗೆ ಹೊತ್ತಾಯಿತೆಂದು ಮೇಷ್ಟ್ರು, ಪ್ರಯೋಗವನ್ನು ಅಲ್ಲಿಗೇ ಬಿಟ್ಟು, ಬೇರೊಂದು ಮೀನನ್ನು ಈಜಿಸದೆ ಹಾಗೇ ಕಟ್ಟಿಸಿಕೊಂಡು ಹೋದರು.

ಆ ಕಚ್ಚಿದ ಮೀನನ್ನು ಆಚಾರಿ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಉಜ್ಜಿ ಸರಿಮಾಡಲು ಕೊಡುವುದಿಲ್ಲ, ಹಾಗೇ ಇಡಿ ಎಂದರು. "ಇಷ್ಟು ದಿನಕ್ಕೆ ಯಾರೋ ಒಬ್ರು ನನ್ನ ಮೀನನ್ನ ಹೊಟ್ಟೆ ಹಸಿದು ನೋಡಿದ್ರಲ್ಲ ಸಾಮಿ."

ಅದನ್ನೂ ಡ್ರಾಯರಿನಲ್ಲಿ, ಕ್ಯಾಪ್ಟನ್ನರ ಮೀನಿನ ಪಕ್ಕದಲ್ಲಿ ಇಟ್ಟೆ.

ವಾಲಿದ ಕಟ್ಟು

ಇದು ಚಿಕ್ಕದು. ಇದರಲ್ಲಿ ನಗುವುದಕ್ಕೆ ಹೆಚ್ಚಿಲ್ಲ.

ಡಿಸೆಂಬರ್ ಬಂತು. ಸಣ್ಣಪುಟ್ಟ ಕೊರವ ಬಿದ್ದಿದ್ದವು, ಫೋಟೋ ಹಿಡಿಸುವಂಥದ್ದು ಬಿದ್ದಿರಲಿಲ್ಲ. ಒಂದು ಬೆಳಿಗ್ಗೆ ಯಜಮಾನರು ಟೇಪು ತಂದು ನನ್ನ ಕೌಂಟರನ್ನು ಅಳೆದರು. ಎಷ್ಟು ಟ್ರಂಕು ಹಿಡಿಸುತ್ತದೆ ಎಂದು ಗಟ್ಟಿಯಾಗಿಯೇ ಲೆಕ್ಕ ಹಾಕಿದರು. ಆಚಾರಿ ಆಗ ಸೀಸ ಹುಡುಕಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದರು.

ಯಜಮಾನರು ಅತ್ತ ಹೋದರು, ಇತ್ತ ಒಬ್ಬ ಮಿಲಿಟರಿ ಕಂಟ್ರಾಕ್ಟರ್ ಒಳಗೆ ಬಂದರು. ಸೈನ್ಯಕ್ಕೆ ಸೌದೆ ಒದಗಿಸುವವರು. ಒಬ್ಬ ಕರ್ನಲ್ ಸಾಹೇಬರಿಗೆ ಮೀನು ಬೇಟೆಯ ಹುಚ್ಚು. ಅವರ ಜೊತೆ ನದಿಗೆ ಹೋಗುವ ಗುಂಪಿಗೆ ಇವರೂ ಸೇರಬೇಕು. ಸೇರಬೇಕಾದರೆ ಮೊದಲು ಒಂದು ದೊಡ್ಡ ಮೀನು ಹಿಡಿದು ತೋರಿಸಬೇಕು. ಇಷ್ಟನ್ನೂ ಕೂರುವುದರೊಳಗೆ ಹೇಳಿ, ಕಿಟಕಿಯ ಬೆಳ್ಳಿ ಮೀನಿನ ಕಡೆ ಬೆರಳು ಮಾಡಿದರು.

"ಅದು ತೋರಿಕೆಯದು" ಎಂದೆ.

"ತೋರಿಸೋಕೇ ಬೇಕಾಗಿರೋದು. ಕಟ್ಟಿ."

"ತೊಟ್ಟಿಯಲ್ಲಿ ಒಮ್ಮೆ..."

"ತೊಟ್ಟಿಗೆ ಹೋಗೋಕೆ ನಾನೇನು ಕುದುರೆ ಏನ್ರೀ? ಅವಸರ ಇದೆ, ಕಟ್ಟಿ."

ನಾನು ಕಟ್ಟಿದೆ. ಅದರ ಹೊಟ್ಟೆ ಖಾಲಿ ಎಂದು ನನಗೆ ಗೊತ್ತಿತ್ತು. ಟೇಪಿನ ಗುರುತು ಇನ್ನೂ ಕೌಂಟರ್ ಮೇಲೆ ಸೀಮೆಸುಣ್ಣದಲ್ಲಿ ಇತ್ತು. ಪೊಟ್ಟಣಕ್ಕೆ ದಾರ ಸಾಲದೆ ಬಂದಾಗ ಸುತ್ತ ನೋಡಿದೆ. ನಿಯಮದ ಕಟ್ಟನ್ನು ತೂಗುಹಾಕಿದ್ದ ಹುರಿಯ ಒಂದು ತುದಿ ಉದ್ದವಾಗಿ ಇಳಿಬಿದ್ದಿತ್ತು. ಅದನ್ನು ಕತ್ತರಿಸಿ ಕಟ್ಟಿಕೊಟ್ಟೆ.

ಆಚಾರಿ ಹಿಂದಿರುಗಿ ಬಂದು ಬರಿದಾದ ಕಿಟಕಿ ನೋಡಿದರು.

"ಕಿಟಕಿ ಮೀನೆಲ್ಲಿ ಸಾಮಿ?"

"ಮಾರಾಟವಾಯಿತು, ಆಚಾರಿಯವರೇ."

"ತೊಟ್ಟಿಗೆ ಹಾಕಿದ್ರಾ?"

"ಅವರಿಗೆ ಅವಸರವಿತ್ತು."

ಆಚಾರಿ ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು. ಗಂಟು ಸಡಿಲವಾಗಿ, ನಿಯಮ ಅಂದಿನಿಂದ ಎಡಕ್ಕೆ ವಾಲಿಕೊಂಡಿತ್ತು.

ಫೋಟೋ

ಕ್ರಿಸ್ಮಸ್ಸಿಗೆ ಒಂದು ವಾರ ಮುಂಚೆ, ಶನಿವಾರ, ಮಟಮಟ ಮಧ್ಯಾಹ್ನ. ಇಬ್ಬರು ಕೂಲಿಯವರು ಬಿದಿರಿಗೆ ಕಟ್ಟಿದ ಒಂದು ಬಾಳೆಮೀನನ್ನು ಹೊತ್ತು ಅಂಗಡಿಯೊಳಗೆ ಬಂದರು. ನನ್ನ ಎದೆಯೆತ್ತರದ ಮೀನು. ಬಾಯಿ ಅಗಲವಾಗಿ ತೆರೆದಿತ್ತು, ಕಣ್ಣು ಬೆಳ್ಳಗಾಗಿತ್ತು, ಹೊಟ್ಟೆ ಊದಿತ್ತು. ತುಟಿಯಲ್ಲಿ ನಮ್ಮ ಕಿಟಕಿಯ ಬೆಳ್ಳಿ ಮೀನು ನೇತಾಡುತ್ತಿತ್ತು. ಹಿಂದೆ ಕಂಟ್ರಾಕ್ಟರ್, ಅವರ ಹಿಂದೆ ಕಪ್ಪು ಬಟ್ಟೆ, ಮೂರು ಕಾಲಿನ ಪೆಟ್ಟಿಗೆ ಹೊತ್ತ ಫೋಟೋಗ್ರಾಫರ್.

"ಕೃಷ್ಣರಾಜಪುರದ ಕೆರೆ ಸ್ವಾಮಿ. ಈವತ್ತು ಬೆಳಿಗ್ಗೆ. ಒಂದೇ ಒಂದು ಎಸೆತ!" ಎಂದರು ಕಂಟ್ರಾಕ್ಟರ್.

ಯಜಮಾನರು ಎರಡು ಕೈಯನ್ನೂ ಮೇಲೆತ್ತಿದರು. "ಆಯ್ತಪ್ಪಾ, ಆಯ್ತು! ಕೌಂಟರ್ ಉಳೀತು. ಏ ಆಚಾರಿ, ಬಾ ಇಲ್ಲಿ, ನೋಡು. ಇನ್ಮೇಲೆ ಡಿಪೋ ಗಿಪೋ ಮಾತಿಲ್ಲ ನಿಂಗೆ!"

ಆಚಾರಿ ಎದ್ದು ಬಂದರು. ಮೀನಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅದರ ಮೈಗೆ ಅಂಟಿಕೊಂಡಿದ್ದ ಏನನ್ನೋ ಎರಡು ಬೆರಳಿನಲ್ಲಿ ಹಿಸುಕಿ ಮೂಸಿದರು.

"ಇದು ತೇಗದ ಹೊಟ್ಟು ಸಾಮಿ. ಐಸಿನ ಪೆಟ್ಟಿಗೆಗೆ ಹಾಕ್ತಾರಲ್ಲ, ಅದು."

ಕೂಲಿಯವರಲ್ಲಿ ಒಬ್ಬ, ಪಾಪ, ಭುಜ ಸೋತವನು, "ಹೌದು ತಾತ, ಐಸು ಕರಗಿ ಎಷ್ಟೊತ್ತಾಯ್ತು, ಬೇಗ ಫೋಟೋ ಹಿಡೀಲಿ ಅನ್ನಿ" ಎಂದುಬಿಟ್ಟ.

ಕಂಟ್ರಾಕ್ಟರ್ ನನ್ನ ಕಡೆ ತಿರುಗಿದರು. "ನೀವೇ ಹೇಳಿ. ಇಂಗ್ಲಿಷ್ ಸ್ಕೂಲಲ್ಲಿ ಓದಿದವರು, ಸುಳ್ಳು ಹೇಳಲ್ಲ. ಈ ಬೆಳ್ಳಿ ಮೀನು ನಿಮ್ಮ ಅಂಗಡೀದು ಹೌದೋ ಅಲ್ವೋ?"

"ಹೌದು" ಎಂದೆ.

ಅದು ನಿಜ. ಅಷ್ಟು ಕೆಟ್ಟ ನಿಜವನ್ನು ನಾನು ಇನ್ನೆಂದೂ ಹೇಳಿಲ್ಲ.

ಫೋಟೋಗ್ರಾಫರ್ ಬಟ್ಟೆಯೊಳಗಿನಿಂದ ತಲೆ ಹೊರಗೆ ಹಾಕಿ, "ಕಚ್ಚಿದ ಹಾಗೇ ಕಾಣ್ತಿಲ್ವಲ್ಲ ಸಾರ್. ಮರದ ಮೀನು ಹೊಸದಾಗಿ ಫಳಫಳ ಅಂತಿದೆ. ಒಂದು ಹಲ್ಲಿನ ಗುರುತೂ ಇಲ್ಲ" ಎಂದ.

ಯಜಮಾನರು ಒಂದು ಕ್ಷಣ ಯೋಚಿಸಿದರು. ನೆಟ್ಟಗೆ ಹೋಗಿ ನನ್ನ ಡ್ರಾಯರ್ ಎಳೆದು, ಕುದುರೆ ಕಚ್ಚಿದ ಹಸಿರು ಮೀನನ್ನು ತಂದು ಎಲ್ಲರ ಮುಂದೆ ಹಿಡಿದರು. "ಗುರುತು ತಾನೇ? ತಗೊಳ್ಳಿ, ಬೇಕಾದಷ್ಟಿದೆ. ಇದನ್ನ ಸಿಗಿಸಿ."

ಕಂಟ್ರಾಕ್ಟರ್ ಮುಖ ಅರಳಿತು. ಆಚಾರಿಯ ಮುಖವೂ ಸ್ವಲ್ಪ ಅರಳಿತು, ಬೇರೆ ಕಾರಣಕ್ಕೆ.

"ದಣಿ, ಬಾಳೆಮೀನಿನ ಹಲ್ಲು ಸೂಜಿ ಇದ್ದ ಹಾಗೆ. ಇಷ್ಟು ಅಗಲದ ಹಲ್ಲು ಇದಕ್ಕಿದ್ದಿದ್ರೆ ಕೆರೇಲಿ ಯಾಕೆ ಇರ್ತಿತ್ತು? ದಡದ ಮೇಲೆ ಹುಲ್ಲು ಮೇಯ್ಕೊಂಡು, ಜಟಕಾ ಎಳ್ಕೊಂಡಿರ್ತಿತ್ತು."

ಕೂಲಿಯವರು ನಕ್ಕುಬಿಟ್ಟರು. ಬಿದಿರು ಅಲ್ಲಾಡಿ ಬಾಳೆಮೀನೂ ನಕ್ಕಂತೆ ಬಾಯಿ ಆಡಿಸಿತು. ಯಜಮಾನರು ನಗಲಿಲ್ಲ. ಆಚಾರಿಯ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಮೆಲ್ಲಗೆ, ಆದರೆ ನನಗೆ ಕೇಳುವಂತೆಯೇ ಹೇಳಿದರು:

"ಯೋಚನೆ ಮಾಡು. ನಿನ್ನನ್ನ ಸುಳ್ಳು ಹೇಳು ಅಂದ್ನಾ ನಾನು? ಏನೂ ಹೇಳ್ಬೇಡ. ಮೀನಿನ ತಲೆ ಮೇಲೆ ಕೈ ಇಟ್ಕೊಂಡು ಸುಮ್ನೆ ನಿಂತ್ಕೋ. ಫೋಟೋ ಕಿಟಕಿಗೆ ಹೋದ್ರೆ ನಾಳೆಯಿಂದ ನಿನ್ನ ಕೈಲಿ ಉಳಿ. ಇಲ್ಲಾಂದ್ರೆ ಸೋಮವಾರದಿಂದ ಸುತ್ತಿಗೆ. ನಿನ್ನಿಷ್ಟ."

"ಸರಿ ದಣಿ" ಎಂದರು ಆಚಾರಿ.

ಫೋಟೋಗ್ರಾಫರ್ ಮತ್ತೆ ಬಟ್ಟೆಯೊಳಗೆ ಹೊಕ್ಕ. ಕಂಟ್ರಾಕ್ಟರ್ ಟೊಪ್ಪಿಗೆ ಸರಿಮಾಡಿಕೊಂಡು ಒಂದು ಪಕ್ಕ ನಿಂತರು. ಆಚಾರಿ ಹೋಗಿ ಇನ್ನೊಂದು ಪಕ್ಕ ನಿಂತು ಮೀನಿನ ತಲೆಯ ಮೇಲೆ ಕೈ ಇಟ್ಟರು. ನಾನು ಸೀಮೆಸುಣ್ಣದ ಗುರುತನ್ನು ಬೆರಳಿನಿಂದ ಒರೆಸತೊಡಗಿದೆ.

ಆಗ ಆ ಕೈ ತಲೆಯಿಂದ ತುಟಿಗೆ ಇಳಿಯಿತು. ಕೊಕ್ಕೆಯನ್ನು ನೋಯದಂತೆ ಬಿಡಿಸುವವರ ಹಾಗೆ ಬಿಡಿಸಿತು. ಬೆಳ್ಳಿ ಮೀನನ್ನು ತೆಗೆದುಕೊಂಡು ಆಚಾರಿ ಹಿತ್ತಲಿಗೆ ನಡೆದರು. ಏನಾಗುತ್ತಿದೆ ಎಂದು ತಿಳಿಯದೆ ಎಲ್ಲರೂ ಹಿಂದೆಯೇ ಹೋದೆವು. ಬಿದಿರು ಹೊತ್ತ ಕೂಲಿಯವರೂ ಬಂದರು, ಇಳಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆಚಾರಿ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿ ಕಲ್ಲಿನ ಮೇಲೆ ಸಾಲಾಗಿಟ್ಟರು. ಬೆಳ್ಳಿ ಮೀನನ್ನು ತೊಟ್ಟಿಗೆ ಬಿಟ್ಟರು. ಅದು ಒಮ್ಮೆ ಉರುಳಿ, ಮಗ್ಗುಲಾಗಿ, ಕೆಂಪು ಗಾಜಿನ ಕಣ್ಣನ್ನು ಆಕಾಶಕ್ಕೆ ನೆಟ್ಟು ತೇಲಿತು.

"ಇದನ್ನೂ ಬಿಡಿ" ಎಂದು ಕೂಲಿಯವರಿಗೆ ಹೇಳಿದರು.

ಹೇಳುವುದೇ ತಡ, ಅವರು ಹಗ್ಗ ಬಿಚ್ಚಿ ಬಾಳೆಮೀನನ್ನು ತೊಟ್ಟಿಗೆ ಉರುಳಿಸಿದರು. ನೀರು ಚಿಮ್ಮಿ ಕಂಟ್ರಾಕ್ಟರ್ ಬೂಟು ಒದ್ದೆಯಾಯಿತು. ಬಾಳೆಮೀನು ಊದಿದ ಹೊಟ್ಟೆ ಮೇಲೆ ಮಾಡಿಕೊಂಡು ಬೆಳ್ಳಿ ಮೀನಿನ ಪಕ್ಕದಲ್ಲಿ ತೇಲಿತು. ಸ್ವಲ್ಪ ಹೊತ್ತು ನಾವೆಲ್ಲ ನಿಂತು ಎರಡನ್ನೂ ನೋಡಿದೆವು. ಬಾಗಿಲ ಬಳಿ ನಿಂತಿದ್ದ ಜಟಕಾ ಕುದುರೆಯೂ ನೋಡಿತು. ಮೂಸಿ, ಮುಖ ತಿರುಗಿಸಿಕೊಂಡಿತು.

ಆಚಾರಿ ಪಂಚೆಯ ಅಂಚಿಗೆ ಕೈ ಒರೆಸಿಕೊಂಡು ನನ್ನನ್ನು ಕೇಳಿದರು. "ಸಾಮಿ, ನಂಗೆ ನಾಲ್ಕರಲ್ಲಿ ಯಾವುದೂ ಓದೋಕೆ ಬರಲ್ಲ. ಗೋಡೆ ಮೇಲೆ ಏನು ಬರೆಸಿದೀರಿ, ಒಂದ್ಸಲ ಹೇಳಿ."

ನಾನು ಹೇಳಿದೆ.

"ಎರಡೂ ಈಜ್ತಿಲ್ಲ ದಣಿ" ಎಂದು ಆಚಾರಿ ಯಜಮಾನರಿಗೆ ಹೇಳಿದರು. ಒಳಗೆ ಹೋದರು. ಮೂಲೆಯಲ್ಲಿದ್ದ ಉಳಿಗಳನ್ನು ಚೀಲಕ್ಕೆ ತುಂಬಿ ಹೆಗಲಿಗೆ ಹಾಕಿಕೊಂಡರು. ಬಾಗಿಲ ತನಕ ಹೋದವರು, ಏನೋ ನೆನಪಾದವರಂತೆ ಹಿಂದಕ್ಕೆ ಬಂದು, ಗೋಡೆಯ ಮೇಲೆ ವಾಲಿಕೊಂಡಿದ್ದ ಕಟ್ಟನ್ನು ನೆಟ್ಟಗೆ ಮಾಡಿ, ಬಡಗಿಯ ಕಣ್ಣಿನಲ್ಲಿ ಒಮ್ಮೆ ಅಳತೆ ನೋಡಿ, ಹೊರಟುಹೋದರು.